ಸಹಾಯ ಬೇಕು: ಈ ಎಚ್‌ಎಂಟಿ ಪೈಲಟ್‌ನ ಡಯಲ್ ಅಸಲಿಯೇ?

ಎಲ್ಲರಿಗೂ ನಮಸ್ಕಾರ. ತುಮಕೂರಿನ ಪರಿಚಿತರೊಬ್ಬರು ಕಪ್ಪು ಡಯಲಿನ ಹಳೆಯ ಎಚ್‌ಎಂಟಿ ಪೈಲಟ್ ಕೈಗಡಿಯಾರವನ್ನು ಮಾರಲಿದ್ದಾರೆ. ಕೊಳ್ಳುವ ಮುನ್ನ ಬಲ್ಲವರನ್ನು ಕೇಳೋಣವೆಂದು ಬರೆಯುತ್ತಿದ್ದೇನೆ.

ಹಿಂದಿನ ಮುಚ್ಚಳ ತೆಗೆಸಿ ನೋಡಿದೆ. ಕೀ ಕೊಡುವ ಮಾದರಿ, 17 ಜ್ಯುವೆಲ್‌ಗಳ (ಸವೆತ ತಡೆಯಲು ಕೂರಿಸುವ ಪುಟ್ಟ ಹರಳುಗಳು) 0231 ಸಂಖ್ಯೆಯ ಯಂತ್ರ. ಅದರ ಬಗ್ಗೆ ನನಗೆ ಸಂಶಯವಿಲ್ಲ. ಚಿಂತೆಯೆಲ್ಲ ಡಯಲಿನದು. ಅಂಕಿಗಳ ಅಂಚು ತುಸು ಹರಡಿದಂತಿದೆ, ನಿಮಿಷದ ಗೆರೆಗಳು ಒಂದೇ ದಪ್ಪಕ್ಕಿಲ್ಲ. ಮುಳ್ಳುಗಳ ಮೇಲಿನ ಹೊಳೆಯುವ ಬಣ್ಣ ಮಾಸಿ ಕಂದಾಗಿದೆ, ಡಯಲಿನ ಮೇಲಿನದು ಮಾತ್ರ ನಿನ್ನೆ ಹಚ್ಚಿದಷ್ಟು ಹಸಿರು. ಎರಡಕ್ಕೂ ಒಂದೇ ವಯಸ್ಸೆಂದರೆ ನಂಬುವುದು ಹೇಗೆ? ಎಚ್‌ಎಂಟಿ ವಾಚಸ್ ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಈಗ ಹಳೆಯ ಯಂತ್ರಕ್ಕೆ ಹೊಸ ಡಯಲ್ ಅಂಟಿಸಿ ‘ಅಪರೂಪದ್ದು’ ಎಂದು ಮಾರುವವರಿಗೆ ಕೊರತೆಯಿಲ್ಲ. ಕಣ್ಣು ಕುಕ್ಕುವ ಬಣ್ಣದ ಪೈಲಟ್‌ಗಳನ್ನಂತೂ ನಾನು ಮುಟ್ಟುವುದೇ ಇಲ್ಲ.

ನಿಮ್ಮಲ್ಲಿ ಯಾರ ಬಳಿಯಾದರೂ ಅಂಗಡಿಯ ರಸೀದಿ ಸಮೇತ, ಒಬ್ಬರ ಕೈಯಲ್ಲೇ ಉಳಿದುಬಂದ ಪೈಲಟ್ ಇದ್ದರೆ ದಯವಿಟ್ಟು ಡಯಲಿನ ಹತ್ತಿರದ ಚಿತ್ರ ಹಾಕಿ. ಆರು ಗಂಟೆಯ ಅಂಕಿಯ ಕೆಳಗಿನ ಸಣ್ಣ ಅಕ್ಷರಗಳು ಸ್ಪಷ್ಟವಾಗಿ ಕಂಡರೆ ಸಾಕು, ಹೋಲಿಸಿ ನೋಡುತ್ತೇನೆ. ಡಯಲನ್ನು ಪಾಲಿಷ್ ಮಾಡದೆ, ಇದ್ದ ಹಾಗೆಯೇ ಬಿಟ್ಟು ಯಂತ್ರವನ್ನಷ್ಟೇ ಶುಚಿ ಮಾಡಿ ಎಣ್ಣೆ ಹಾಕಿಕೊಡುವ ರಿಪೇರಿಯವರು ಬೆಂಗಳೂರಿನಲ್ಲಿ ಯಾವ ಬಡಾವಣೆಯಲ್ಲಿ ಸಿಗುತ್ತಾರೆ ಎಂಬುದನ್ನೂ ತಿಳಿಸಿ. ಮಾರುವವರು ಭಾನುವಾರದವರೆಗೆ ಕಾಯುತ್ತೇನೆ ಎಂದಿದ್ದಾರೆ.