ಸಹಾಯ ಬೇಕು: ಅಮ್ಮನ ಬೆನ್ನುನೋವಿಗೆ ಸ್ಟಿಮ್ಯುಲೇಟರ್, ಯಾವ ಬ್ಯಾಟರಿ ಒಳ್ಳೆಯದು?

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 61 ವರ್ಷ. ಮೂರು ವರ್ಷದ ಹಿಂದೆ ಡಿಸ್ಕ್ ಆಪರೇಷನ್ ಆಯಿತು. ಆದರೂ ಸೊಂಟದಿಂದ ಎಡಗಾಲಿನವರೆಗೆ ಉರಿ, ಸೆಳೆತ ಹೋಗಿಲ್ಲ. ಫಿಸಿಯೋಥೆರಪಿ, ಪ್ರಿಗ್ಯಾಬಲಿನ್ ಮಾತ್ರೆ, ಬೆನ್ನಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಎಲ್ಲ ಆಯಿತು. ಚರ್ಮಕ್ಕೆ ಪ್ಯಾಡ್ ಅಂಟಿಸುವ ಟೆನ್ಸ್ ಮೆಷಿನ್ ಕೂಡ ತಂದೆವು. ಹಾಕಿಕೊಂಡಷ್ಟು ಹೊತ್ತು ಪರವಾಗಿಲ್ಲ, ತೆಗೆದರೆ ಮತ್ತೆ ಅದೇ ಕಥೆ.

ಈಗ ಡಾಕ್ಟರ್ ಸ್ಪೈನಲ್ ಕಾರ್ಡ್ ಸ್ಟಿಮ್ಯುಲೇಟರ್ ಹೇಳುತ್ತಿದ್ದಾರೆ. ಅಂದರೆ ಸಣ್ಣ ಕರೆಂಟ್ ಕೊಟ್ಟು ನೋವು ತಗ್ಗಿಸುವ ಸಾಧನ: ಬೆನ್ನುಹುರಿಯ ಹತ್ತಿರ ತೆಳ್ಳಗಿನ ವೈರ್, ಚರ್ಮದ ಕೆಳಗೆ ಬ್ಯಾಟರಿ. ಮೊದಲು ಸುಮಾರು ಒಂದು ವಾರ ಬ್ಯಾಟರಿ ಹೊರಗಿಟ್ಟೇ ಟ್ರಯಲ್. ನೋವು ಅರ್ಧದಷ್ಟಾದರೂ ಇಳಿದರೆ ಮಾತ್ರ ಒಳಗೆ ಕೂರಿಸುತ್ತಾರಂತೆ. ಇಲ್ಲಿಯವರೆಗೆ ಅರ್ಥವಾಯಿತು.

ತಲೆ ಕೆಟ್ಟಿರುವುದು ಬ್ಯಾಟರಿ ವಿಷಯಕ್ಕೆ. ಚಾರ್ಜ್ ಮಾಡುವಂಥದ್ದು ಜಾಸ್ತಿ ವರ್ಷ ಬರುತ್ತದೆ, ಆದರೆ ಚಾರ್ಜರನ್ನು ಮೈಮೇಲೆ ಇಟ್ಟುಕೊಂಡು ಆಗಾಗ ಕೂರಬೇಕು. ನಮ್ಮಮ್ಮ ಮೊಬೈಲ್ ಚಾರ್ಜಿಗೆ ಹಾಕುವುದನ್ನೇ ಮರೆಯುತ್ತಾರೆ! ಚಾರ್ಜ್ ಬೇಡದ್ದು ಸುಲಭ, ಆದರೆ ಕೆಲವು ವರ್ಷಕ್ಕೆ ಬ್ಯಾಟರಿ ಮುಗಿದಾಗ ಬದಲಾಯಿಸಲು ಮತ್ತೆ ಕೊಯ್ಯಬೇಕು, ಮತ್ತೆ ಖರ್ಚು ಅಲ್ವಾ?

ಮನೆಯಲ್ಲಿ ವಯಸ್ಸಾದವರಿಗೆ ಇದನ್ನು ಹಾಕಿಸಿದವರು ಇದ್ದೀರಾ? ಎರಡರಲ್ಲಿ ಯಾವುದನ್ನು ಆರಿಸಿದಿರಿ, ಯಾಕೆ? ಮುಂದೆ ಎಂಆರ್‌ಐ ಮಾಡಿಸುವಾಗ ಏನಾದರೂ ತೊಂದರೆ ಆಯಿತಾ? ದಯವಿಟ್ಟು ತಿಳಿಸಿ, ಮುಂದಿನ ವಾರ ಡಾಕ್ಟರಿಗೆ ಉತ್ತರ ಹೇಳಬೇಕು.