ಅರ್ಧ ಪೆನ್ನಿಯ ಪೇಪರ್ ದೊರೆ

"ಪೇಪರ್ ಅಂದ್ರೆ ಸುದ್ದಿ ಕಣಯ್ಯ, ಬಹುಮಾನದ ಕೂಪನ್ ಅಲ್ಲ," ಅಂತ ಶೀನಪ್ಪ ಗುಡುಗಿದ.

"ಅಂದ್ರೆ ಇಂಗ್ಲೆಂಡಿನ ಪೇಪರ್ ದೊರೆ ಲಾರ್ಡ್ ನಾರ್ತ್‌ಕ್ಲಿಫ್ ಕಥೆ ನಿಂಗೆ ಗೊತ್ತಿಲ್ಲ," ಅಂದ ಮೂರ್ತಿ. ಇನ್ನು ಅರ್ಧ ಗಂಟೆ ಯಾರೂ ಏಳೋ ಹಾಗಿಲ್ಲ ಅಂತ ನನಗೆ ಖಾತ್ರಿಯಾಯಿತು.

"ಮೊದಲ ಹೆಸರು ಆಲ್ಫ್ರೆಡ್ ಹಾರ್ಮ್ಸ್‌ವರ್ತ್. ಹುಟ್ಟಿದ್ದು 1865ರಲ್ಲಿ, ಡಬ್ಲಿನ್ ಹತ್ರ. 1888ರಲ್ಲಿ ಲಂಡನ್ನಲ್ಲಿ ಓದುಗರ ಪ್ರಶ್ನೆಗೆ ಉತ್ತರ ಕೊಡೋ ವಾರಪತ್ರಿಕೆ ಶುರು ಮಾಡ್ದ."

"ಮೊದಲನೇ ಸಂಚಿಕೆಗೇ ಪ್ರಶ್ನೆ ಕಳಿಸಿದ್ದು ಯಾರಪ್ಪ? ಆಗಿನ್ನೂ ಓದುಗರೇ ಇರ್ಲಿಲ್ವಲ್ಲ!"

"ಅದನ್ನೆಲ್ಲ ಕೇಳಬಾರದು. ಮುಂದಿನ ವರ್ಷ ಒಂದು ಸ್ಪರ್ಧೆ ಇಟ್ಟ. ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿ ಇಂಥಾ ದಿನ ಎಷ್ಟು ಚಿನ್ನ ಇರುತ್ತೆ ಹೇಳಿ, ಗೆದ್ದವರಿಗೆ ಬದುಕಿರೋವರೆಗೆ ವಾರಕ್ಕೊಂದು ಪೌಂಡು! ಏಳು ಲಕ್ಷಕ್ಕೂ ಮೇಲೆ ಕಾರ್ಡು ಬಂತು. ಒಂದೊಂದಕ್ಕೂ ಐದು ಜನರ ಸಾಕ್ಷಿ ಸಹಿ ಬೇರೆ."

"ಸಾಕ್ಷಿ ಯಾಕೋ? ಸೈಟು ರಿಜಿಸ್ಟ್ರೇಷನ್ನಾ?"

"ಬೆಪ್ಪೆ, ಸಹಿ ಹಾಕೋನು 'ಏನಿದು' ಅಂತ ಕೇಳ್ತಾನಲ್ಲ? ಪುಕ್ಕಟೆ ಜಾಹೀರಾತು!"

ಶೀನಪ್ಪ ಮೊದಲ ಸಲ ಸುಮ್ಮನಾದ. ಮೂರ್ತಿಗೆ ಅಷ್ಟೇ ಸಾಕಿತ್ತು.

"1896ರಲ್ಲಿ 'ಡೈಲಿ ಮೇಲ್' ಹೊರಡಿಸಿದ. ಬೇರೆ ಪೇಪರ್ ಒಂದು ಪೆನ್ನಿ, ಇವನದು ಅರ್ಧ. ಮೊದಲ ದಿನವೇ ಹತ್ತಿರ ಹತ್ತಿರ ನಾಲ್ಕು ಲಕ್ಷ ಪ್ರತಿ ಮಾರಾಟ. 'ಆಫೀಸು ಹುಡುಗರು ಆಫೀಸು ಹುಡುಗರಿಗೋಸ್ಕರ ಬರೆಯೋ ಪೇಪರು' ಅಂತ ಪ್ರಧಾನಿ ಸಾಲ್ಸ್‌ಬರಿ ಮೂಗು ಮುರಿದರಂತೆ."

"ಲಾರ್ಡುಗಳಿಗಿಂತ ಆಫೀಸು ಹುಡುಗರೇ ಜಾಸ್ತಿ ಅನ್ನೋ ಲೆಕ್ಕ ಪ್ರಧಾನಿಗೆ ಹೊಳೀಲಿಲ್ವಾ?" ಅಂತ ನಾನೂ ಬಾಯಿ ಹಾಕಿದೆ.

"ಇವನಿಗೆ ಹೊಳೀತು. ವಿಮಾನ ಅಂದ್ರೆ ಜನ ನಗೋ ಕಾಲದಲ್ಲೇ, ಲಂಡನ್ನಿಂದ ಮ್ಯಾಂಚೆಸ್ಟರ್‌ಗೆ ಹಾರಿದೋರಿಗೆ ಹತ್ತು ಸಾವಿರ ಪೌಂಡು ಅಂದ. 'ಪಂಚ್' ಅನ್ನೋ ಹಾಸ್ಯ ಪತ್ರಿಕೆಯೋರು ಗೇಲಿ ಮಾಡಿ, ಮಂಗಳ ಗ್ರಹಕ್ಕೆ ಹೋಗಿಬಂದೋರಿಗೆ ನಮ್ಮದೂ ಹತ್ತು ಸಾವಿರ ಅಂದ್ರು. 1910ರಲ್ಲಿ ಪೋಲ್ಹಾನ್ ಅನ್ನೋ ಫ್ರೆಂಚರವನು ಹಾರಿ ದುಡ್ಡು ಎಣಿಸ್ಕೊಂಡ. 'ಪಂಚ್' ದುಡ್ಡು ಇನ್ನೂ ಭದ್ರವಾಗಿದೆ."

"ಅಂದ್ರೆ ಜನ ಇವನು ಹೇಳಿದ್ದಕ್ಕೆಲ್ಲ ಕುಣಿದ್ರು ಅನ್ನು."

"ಎಲ್ಲಿ ಕುಣಿದ್ರು? ಅಷ್ಟು ಹೊತ್ತಿಗೆ ಲಂಡನ್ನಿನ 'ಟೈಮ್ಸ್' ಪೇಪರ್ ಕೂಡ ಇವನ ಕೈಲಿತ್ತು. 1915ರಲ್ಲಿ, ಮಹಾಯುದ್ಧದ ಮಧ್ಯೆ, ಸೈನ್ಯಕ್ಕೆ ಸರಿಯಾದ ಫಿರಂಗಿ ಗುಂಡು ಇಲ್ಲ, ತಪ್ಪು ಯುದ್ಧಮಂತ್ರಿ ಕಿಚನರ್‌ದು ಅಂತ 'ಮೇಲ್'ನಲ್ಲಿ ಬರೆದ. ಗುಂಡಿನ ಕೊರತೆ ನಿಜವೇ. ಆದ್ರೆ ಕಿಚನರ್ ಜನರ ಪಾಲಿಗೆ ದೇವರು! ಲಂಡನ್ ಷೇರುಪೇಟೆಯಲ್ಲಿ ಪೇಪರ್ ಸುಟ್ಟು ಬೂದಿ ಮಾಡಿದ್ರು, ಪ್ರಸಾರ ದಬಕ್ಕಂತ ಬಿತ್ತು."

"ಸದ್ಯ, ಬುದ್ಧಿ ಬಂದಿರ್ಬೇಕು."

"ಎಲ್ಲಿಯ ಬುದ್ಧಿ! 1920ರಲ್ಲಿ ಗಂಡಸರ ತಲೆಗೇ ಕೈ ಹಾಕ್ದ. ಹೊಸ ನಮೂನೆ ಹ್ಯಾಟು ಬರೆದು ಕಳಿಸಿ, ಬಹುಮಾನ ನೂರು ಪೌಂಡು! ಹ್ಯಾಟಿನ ಚಿತ್ರ ರಾಶಿ ಬಿತ್ತು. ಗೆದ್ದದ್ದನ್ನ 'ಮೇಲ್' ಹೊಗಳಿದ್ದೇ ಹೊಗಳಿದ್ದು. ಜನ ಮಾತ್ರ ತಮ್ಮ ಹಳೇ ಹ್ಯಾಟಲ್ಲೇ ಓಡಾಡಿದ್ರು."

"ಗೆದ್ದವನಾದ್ರೂ ಹಾಕ್ಕೊಂಡ್ನಾ?" ಅಂದ ಶೀನಪ್ಪ.

"ಕೈಗೆ ನೂರು ಪೌಂಡು ಬಂದ್ಮೇಲೆ ಅವನ್ಯಾಕೆ ಅದನ್ನ ಹಾಕ್ತಾನೆ? ಒಳ್ಳೇದೊಂದು ಕೊಂಡ್ಕೊಂಡಿರ್ತಾನೆ."