ಗ್ಯಾಸ್ ಗೀಸರ್: ಎರಡು ನಿಮಿಷ ಬಿಸಿ, ಮತ್ತೆ ತಣ್ಣೀರು. ಎಂತ ಕಾರಣ?

ಪ್ರಶ್ನೆ (ಪೆರ್ಲದಿಂದ)

ನಮಸ್ಕಾರ. ಪೆರ್ಲದ ಹತ್ತಿರ ನಮ್ಮ ಮನೆ. ಬಚ್ಚಲಿಗೆ ಗ್ಯಾಸ್ ಗೀಸರ್ ಹಾಕಿಸಿದ್ದೇವೆ. ನಳ್ಳಿ ತಿರುಗಿಸಿದ ಕೂಡಲೇ ಟಕ್ ಟಕ್ ಅಂತ ಹೊತ್ತಿಕೊಳ್ಳುತ್ತದೆ. ಎರಡು ಮೂರು ನಿಮಿಷ ಕಳೆಯುವಾಗ ಬೆಂಕಿ ಆರಿ ತಣ್ಣೀರು. ನಳ್ಳಿ ಮುಚ್ಚಿ ತೆರೆದರೆ ಪುನಃ ಹೊತ್ತುತ್ತದೆ. ಅಡುಗೆಮನೆಯಲ್ಲಿ ಯಾರಾದರೂ ನೀರು ಬಿಟ್ಟರಂತೂ ಆಗಲೇ ಆರುತ್ತದೆ. ಸೆಲ್ ಎರಡನ್ನೂ ಬದಲಿಸಿದೆ. ಸಿಲಿಂಡರ್ ಹೊಸದು. ರಿಪೇರಿಯವರು ನೋಡಿ "ಇದು ಹೋಯ್ತು, ಹೊಸದು ತೆಗೊಳ್ಳಿ" ಅಂದರು.

ಅಮ್ಮನಿಗೆ ಗಂಟುನೋವು. ಈ ಮಳೆಗೆ ಅರ್ಧ ಸ್ನಾನದಲ್ಲಿ ತಣ್ಣೀರು ಬಿದ್ದರೆ ನಡುಗುತ್ತಾರೆ. ಹಂಡೆಗೆ ಬೆಂಕಿ ಹಾಕೋಣ ಅಂದ್ರೆ ಸೌದೆ, ಮಡಲು ಎಲ್ಲ ಚಂಡಿ. ನೀರು ಸುರಂಗದ್ದು, ಅಂದ್ರೆ ನೀರಿಗಾಗಿ ಗುಡ್ಡೆಯ ಒಳಗೆ ಅಡ್ಡಕ್ಕೆ ಕೊರೆದ ಬಿಲದ್ದು. ಟಾಂಕಿ ಬಚ್ಚಲಿನ ತಾರಸಿ ಮೇಲೆಯೇ ಉಂಟು. ನಿಜವಾಗಿಯೂ ಹೊಸದು ಬೇಕಾ?

ಉತ್ತರ (ಬದಿಯಡ್ಕದಿಂದ)

ಬೇಡ ಮಾರಾಯ್ರೇ. ಅಡುಗೆಮನೆಯ ನಳ್ಳಿ ಬಿಟ್ಟರೆ ಆರುತ್ತದೆ ಅಂದಿರಲ್ಲ, ಅಲ್ಲೇ ಗೊತ್ತಾಯಿತು. ತೊಂದರೆ ನೀರಿನದ್ದು. ಗೀಸರ್ ಒಳಗೆ ಒಂದು ರಬ್ಬರ್ ಡಯಾಫ್ರಾಂ ಇರುತ್ತದೆ. ನೀರು ಅದನ್ನು ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಗ್ಯಾಸಿನ ದಾರಿ ತೆರೆದಿರುತ್ತದೆ. ಒತ್ತಡ ಇಳಿದರೆ ಗ್ಯಾಸ್ ಬಂದ್. ನೀರಿಲ್ಲದೆ ತಾಮ್ರದ ಕೊಳವೆ ಸುಟ್ಟುಹೋಗಬಾರದಲ್ವಾ, ಅದಕ್ಕೆ.

ಮೊದಲು ಬಿಸಿನೀರಿನ ನಳ್ಳಿ ಪೂರ್ತಿ ತೆರೆದು 10 ಲೀಟರ್ ಬಕೆಟ್ ಇಡಿ. ತುಂಬಲು 4 ನಿಮಿಷಕ್ಕಿಂತ ಜಾಸ್ತಿ ಹಿಡಿದರೆ, ನಿಮಿಷಕ್ಕೆ ಎರಡೂವರೆ ಲೀಟರ್ ಕೂಡ ಬರುತ್ತಿಲ್ಲ. ಅಷ್ಟು ಸಣ್ಣ ನೀರಿಗೆ ಗೀಸರ್ ಉರಿದು ನಿಲ್ಲುವುದು ಕಷ್ಟ.

ಮತ್ತೆ ನೀರು, ಗ್ಯಾಸ್ ಎರಡೂ ಬಂದ್ ಮಾಡಿ, ತಣ್ಣೀರು ಒಳಗೆ ಹೋಗುವ ಕಡೆ ನಟ್ ಬಿಚ್ಚಿ. ಅಲ್ಲಿ ಸಣ್ಣ ಜಾಲರಿ ಇರುತ್ತದೆ. ನಮ್ಮದು ಮುರಕಲ್ಲಿನ ಊರು, ಮಳೆಗಾಲದಲ್ಲಿ ಕೆಂಪು ಹುಡಿ ಬಂದೇ ಬರುತ್ತದೆ. ಹಳೆ ಟೂತ್‌ಬ್ರಷ್‌ನಲ್ಲಿ ತಿಕ್ಕಿ. ಶವರ್‌ನ ತೂತುಗಳನ್ನೂ ನೋಡಿ.

ಇನ್ನೊಂದು ಮಾತು. ಬಿಸಿ ಜಾಸ್ತಿ ಆಯಿತು ಅಂತ ಮಿಕ್ಸರ್‌ನಲ್ಲಿ ತಣ್ಣೀರು ಸೇರಿಸುತ್ತೀರಾ? ಆಗ ಗೀಸರ್ ಮೂಲಕ ಹೋಗುವ ನೀರು ಇನ್ನೂ ಕಡಿಮೆಯಾಗುತ್ತದೆ. ಇದ್ದ ನೀರು ಮತ್ತೂ ಸುಡುತ್ತದೆ, ನೀವು ಮತ್ತೂ ತಣ್ಣೀರು ಬಿಡುತ್ತೀರಿ, ಕೊನೆಗೆ ಆರುತ್ತದೆ. ತಣ್ಣೀರು ಸೇರಿಸುವ ಬದಲು ಗ್ಯಾಸಿನ ತಿರುಗಣೆ ಇಳಿಸಿ.

ಉತ್ತರ (ಮುಳ್ಳೇರಿಯದಿಂದ)

ಗೀಸರ್ ಬಚ್ಚಲಿನ ಒಳಗೇ ಉಂಟಾ? ಹಾಗಿದ್ದರೆ ದಯವಿಟ್ಟು ಮೊದಲು ಅದನ್ನು ಹೊರಗಿನ ಗೋಡೆಗೆ ಹಾಕಿಸಿ. ಮಳೆ ಅಂತ ಕಿಟಕಿ ಮುಚ್ಚಿ ಸ್ನಾನ ಮಾಡುವಾಗ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ತುಂಬಿಕೊಳ್ಳಬಹುದು. ಸಿಲಿಂಡರಿನ ಗ್ಯಾಸಿಗೆ ವಾಸನೆ ಸೇರಿಸಿರುತ್ತಾರೆ, ಸೋರಿದರೆ ಗೊತ್ತಾಗುತ್ತದೆ. ಈ ವಿಷಾನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ತಲೆನೋವು, ತಲೆ ತಿರುಗುವುದು ಶುರುವಾದರೆ ಕೂಡಲೇ ಹೊರಗೆ ಬರಬೇಕು. ಜ್ವಾಲೆ ನೀಲಿ ಇರಬೇಕು. ಹಳದಿ ಕಂಡರೆ ಉಪಯೋಗಿಸಬೇಡಿ. ವಯಸ್ಸಾದವರು ಚಿಲಕ ಹಾಕಿಕೊಳ್ಳದಿದ್ದರೆ ಒಳ್ಳೆಯದು.

ಪ್ರಶ್ನೆ ಕೇಳಿದವರು

ಗೀಸರ್ ಹೊರಗಿನ ಗೋಡೆಯಲ್ಲೇ ಉಂಟು, ಮಾಡಿನ ಕೆಳಗೆ. ಜ್ವಾಲೆ ನೀಲಿಯೇ. ಜಾಲರಿ ಬಿಚ್ಚಿದರೆ ಪೂರ್ತಿ ಕೆಂಪು ಕೆಸರು! ತೊಳೆದ ಮೇಲೆ ಅಮ್ಮನ ಸ್ನಾನ ಸಲೀಸಾಗಿ ಆಯಿತು. ತುಂಬಾ ಉಪಕಾರ. ಆದರೆ ಅಡುಗೆಮನೆಯಲ್ಲಿ ನೀರು ಬಿಟ್ಟರೆ ಈಗಲೂ ಆರುತ್ತದೆ. ಪಂಪ್ ಹಾಕಬೇಕಾ?

ಉತ್ತರ (ಬದಿಯಡ್ಕದಿಂದ)

ಸಂತೋಷ. ಟಾಂಕಿ ತಾರಸಿ ಮೇಲೆ ಅಂದ್ರೆ ಗೀಸರ್‌ಗಿಂತ ಒಂದೂವರೆ ಮೀಟರ್ ಎತ್ತರ ಇರಬಹುದು. 10 ಮೀಟರ್ ಎತ್ತರಕ್ಕೆ ಹೆಚ್ಚು ಕಡಿಮೆ 1 ಬಾರ್ ಒತ್ತಡ. ನಿಮಗೆ ಸಿಗುವುದು 0.15. ಅದನ್ನೂ ಅಡುಗೆಮನೆ ಹಂಚಿಕೊಂಡರೆ ಏನು ಉಳಿಯುತ್ತದೆ?

ಪಂಪ್ ಹಾಕಬಹುದು, ಆದರೆ ಕರೆಂಟ್ ಹೋದರೆ ಅದೂ ಇಲ್ಲ. ಸುರಂಗದ ನೀರು ಗುಡ್ಡೆಯಿಂದಲೇ ಇಳಿದು ಬರುವುದಲ್ವಾ? ಮೇಲೆ ನೀರು ನಿಲ್ಲುವ ಟಾಂಕಿ ಇದ್ದರೆ ಅಲ್ಲಿಂದ ಗೀಸರ್‌ಗೆ ಬೇರೆಯೇ ಲೈನ್ ಎಳೆಯಿರಿ. ದಾರಿ ಉದ್ದ ಇದ್ದರೆ ಗೀಸರ್ ಹತ್ತಿರದವರೆಗೂ ಒಂದಿಂಚಿನ ಪೈಪೇ ಇರಲಿ. ಮೊದಲಿಂದ ಅರ್ಧ ಇಂಚು ಹಾಕಿದರೆ ಸಿಕ್ಕಿದ ಒತ್ತಡ ದಾರಿಯಲ್ಲೇ ಹೋಗುತ್ತದೆ. ಪೈಪಿನ ಬಾಯಿ ಟಾಂಕಿಯ ತಳಕ್ಕೆ ತಾಗದೆ ಅರ್ಧ ಅಡಿ ಮೇಲಿರಲಿ, ಕೆಸರು ಕೆಳಗೇ ಉಳಿಯುತ್ತದೆ. ಗೀಸರ್‌ಗೆ ಜೋಡಿಸುವ ಮೊದಲು ಸ್ವಲ್ಪ ಹೊತ್ತು ನೀರು ಹೊರಗೆ ಹರಿಯಲಿ. ಇಲ್ಲದಿದ್ದರೆ ಪೈಪ್ ಕೊಯ್ದ ಹುಡಿಯೆಲ್ಲ ಆ ಜಾಲರಿಗೇ ಬಂದು ಕೂರುತ್ತದೆ.